ಜತ್ತದ ವೈನು ಹಡಗು ಹತ್ತಿದ್ದು ಹೇಗೆ: ನನ್ನ ಅನುಭವ

ವೈನ್ ಹೊರದೇಶಕ್ಕೆ ಕಳಿಸಬೇಕು ಅಂತ ನಮ್ಮ ಕಡೆಯವರು ಯಾರಾದರೂ ಕೇಳಿಕೊಂಡು ಬಂದರೆ, ನಾನು ಮೊದಲು ಕೇಳುವುದು ಹಣ್ಣು ಕಿತ್ತಾಗ ಪಿಎಚ್, ಅಂದರೆ ರಸದ ಹುಳಿ ತೋರಿಸುವ ಅಂಕ, ಎಷ್ಟಿತ್ತು ಅಂತ. ಕೊಳ್ಳುವವರು ಯಾರು, ರೇಟು ಎಷ್ಟು ಅನ್ನುವ ಮಾತು ಆಮೇಲೆ. ರಫ್ತಿನ ಅರ್ಧ ಕೆಲಸ ತೋಟದಲ್ಲೇ ಮುಗಿದಿರಬೇಕು.

ನಮ್ಮದು ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕು. ಮನೆಮಾತು ಕನ್ನಡ, ಕಚೇರಿ ಕಾಗದ ಮರಾಠಿ, ಸಂತೆ-ಸಂಬಂಧ ಎಲ್ಲ ವಿಜಯಪುರದ ಕಡೆಗೆ. ಇಲ್ಲಿ ದ್ರಾಕ್ಷಿ ಅಂದರೆ ಥಾಮ್ಸನ್ ಸೀಡ್‌ಲೆಸ್. ಒಣಗಿಸಿ ತಾಸಗಾಂವದ ಹರಾಜಿಗೆ ಒಯ್ಯುವುದೇ ರೂಢಿ. 2001ರಲ್ಲಿ ಮಹಾರಾಷ್ಟ್ರ ಸರ್ಕಾರ ದ್ರಾಕ್ಷಿ ಸಂಸ್ಕರಣಾ ನೀತಿ ತಂದಿತು. ನಾಸಿಕದ ವಿಂಚೂರಿನಲ್ಲೂ ನಮ್ಮ ಜಿಲ್ಲೆಯ ಪಲೂಸಿನಲ್ಲೂ ವೈನ್ ಪಾರ್ಕ್ ಆದವು. 2008ರ ಹಿಂಜರಿತದ ನಂತರ ವೈನರಿಗಳು ಖರೀದಿ ಇಳಿಸಿದಾಗ ಎಷ್ಟೋ ರೈತರು ವೈನ್ ಬಳ್ಳಿ ಕಿತ್ತುಹಾಕಿದರು. ನಾನು ಶಿರಾಜ್ ಮತ್ತು ಶೆನಿನ್ ಬ್ಲಾಂಕ್ ಅನ್ನುವ ವೈನ್ ತಳಿಗಳನ್ನು ಉಳಿಸಿಕೊಂಡೆ. ಇಲ್ಲಿನ ಪೇಟೆಯೊಂದನ್ನೇ ನಂಬಿ ಕೂತರೆ ಬಳ್ಳಿ ಉಳಿಯುವುದಿಲ್ಲ ಅನ್ನಿಸಿ ಸಣ್ಣ ವೈನರಿ ಕಟ್ಟಿದೆ, ರಫ್ತಿನ ಹಾದಿ ಹಿಡಿದೆ.

ಪಿಎಚ್ ವಿಷಯ ಬಿಡಿಸಿ ಹೇಳಬೇಕು. ನಮ್ಮದು ಬಿಸಿಲ ನಾಡು. ಅಕ್ಟೋಬರ್ ಚಾಟ್ನಿಯ (ಬಳ್ಳಿ ಸವರುವಿಕೆಯ) ಹಣ್ಣು ಫೆಬ್ರುವರಿಗೆ ಬರುವ ಹೊತ್ತಿಗೆ ಸಕ್ಕರೆ ಸರಸರ ಏರುತ್ತದೆ, ಹುಳಿ ಅಷ್ಟೇ ಬೇಗ ಇಳಿಯುತ್ತದೆ. ಹುಳಿ ಇಳಿದರೆ ಪಿಎಚ್ ಏರುತ್ತದೆ. ಪಿಎಚ್ ಏರಿದರೆ ವೈನ್ ಕೆಡದಂತೆ ಕಾಯುವ ಸಲ್ಫರ್ ಡೈಆಕ್ಸೈಡಿನ ಬಲ ಕುಗ್ಗುತ್ತದೆ. ಪಿಎಚ್ 3.4 ಇದ್ದಾಗ ಲೀಟರಿಗೆ 32 ಮಿಲಿಗ್ರಾಂನಷ್ಟು ಮುಕ್ತ ಸಲ್ಫರ್ (ವೈನಿನಲ್ಲಿ ಬೇರೆ ಯಾವುದಕ್ಕೂ ಅಂಟದೆ ಉಳಿದ ಸಲ್ಫರ್ ಡೈಆಕ್ಸೈಡ್) ಮಾಡುವ ಕೆಲಸಕ್ಕೆ, ಪಿಎಚ್ 3.8 ಆದರೆ 80ರ ಹತ್ತಿರ ಬೇಕಾಗುತ್ತದೆ. ಯುರೋಪಿಯನ್ ಯೂನಿಯನ್ ಸಿಹಿಯಿಲ್ಲದ ಕೆಂಪು ವೈನಿಗೆ ಒಟ್ಟು ಸಲ್ಫರ್ ಮಿತಿ 150 ಮಿಲಿಗ್ರಾಂ ಅಂತ ಇಟ್ಟಿದೆ, ಬಿಳಿಯದಕ್ಕೆ 200. ತಡವಾಗಿ ಕಿತ್ತವನು ಸುರಿಯುತ್ತಾ ಹೋಗಿ ಆ ಗೆರೆಯ ಅಂಚಿಗೆ ಬಂದು ನಿಲ್ಲುತ್ತಾನೆ. ಅದಕ್ಕೇ ನಾನು ಬ್ರಿಕ್ಸ್ (ರಸದ ಸಕ್ಕರೆಯ ಅಳತೆ) ಒಂದನ್ನೇ ನೋಡಿ ಕತ್ತರಿ ಹಾಕುವುದಿಲ್ಲ. ಕೊಯ್ಲಿನ ವಾರ ಪ್ರತಿ ಸಾಲಿನಿಂದ ಬಿಸಿಲ ಮಗ್ಗುಲಿಂದಲೂ ನೆರಳಿನ ಮಗ್ಗುಲಿಂದಲೂ ಕಾಳು ತಂದು, ಹಿಂಡಿ, ಮೀಟರ್ ಅದ್ದುತ್ತೇವೆ. ಕೊಯ್ಲು ನಸುಕಿನಲ್ಲೇ, ತಲೆಗೆ ಬ್ಯಾಟರಿ ಕಟ್ಟಿಕೊಂಡು. ಹೊತ್ತೇರುವ ಮುಂಚೆ ಕ್ರೇಟು ವೈನರಿಯೊಳಗೆ ಇರಬೇಕು.

ತಡಮಾಡದೆ ಕಿತ್ತರೆ ಇನ್ನೊಂದು ಲಾಭವಿದೆ: ಸಕ್ಕರೆ ಕಡಿಮೆಯಿದ್ದರೆ ವೈನಿನ ಆಲ್ಕೋಹಾಲೂ ಕಡಿಮೆ. ಬ್ರಿಟನ್ 2023ರ ಆಗಸ್ಟಿನಿಂದ ಮದ್ಯದ ತೆರಿಗೆಯನ್ನು ಅದರ ಆಲ್ಕೋಹಾಲ್ ಪ್ರಮಾಣಕ್ಕೆ ಕಟ್ಟಿದೆ. ವೈನಿಗಿದ್ದ ತಾತ್ಕಾಲಿಕ ರಿಯಾಯಿತಿಯೂ 2025ರ ಫೆಬ್ರುವರಿಗೆ ಮುಗಿಯಿತು. ಶೇ. 14ರ ವೈನಿಗಿಂತ ಶೇ. 12.5ರ ವೈನಿಗೆ ಅಲ್ಲಿ ತೆರಿಗೆ ಕಡಿಮೆ.

ಔಷಧದ ಶೇಷದ ಬಗ್ಗೆ ನಮ್ಮ ರೈತರಿಗೆ ಹೆಚ್ಚು ಹೇಳಬೇಕಾಗಿಲ್ಲ. 2010ರಲ್ಲಿ ಬಳ್ಳಿಯ ಬೆಳವಣಿಗೆ ತಡೆಯುವ ಔಷಧ ಕ್ಲೋರ್‌ಮೆಕ್ವಾಟ್ ಸಿಕ್ಕಿತೆಂದು ಯುರೋಪಿನಲ್ಲಿ ಭಾರತದ ದ್ರಾಕ್ಷಿ ನಿಂತುಹೋದದ್ದು ಎಲ್ಲರಿಗೂ ನೆನಪಿದೆ. ಯಾವ ದಿನ ಏನು ಹೊಡೆದೆ ಅಂತ ಬರೆದಿಡುವ ಶಿಸ್ತು ಆಗ ಬಂತು. ಅದೇ ವಹಿ ಈಗ ವೈನಿಗೂ ಆಧಾರ.

ಇನ್ನು ಕಾಗದ. ವಿದೇಶ ವ್ಯಾಪಾರ ಇಲಾಖೆಯ ಐಇಸಿ (ಆಮದು-ರಫ್ತುದಾರರ) ನಂಬರು, ಕೃಷಿ ಸರಕಿನ ರಫ್ತು ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಅಪೆಡಾದ ನೋಂದಣಿ, ರಾಜ್ಯ ಅಬಕಾರಿಯ ರಫ್ತು ಪರವಾನಗಿ, ಸುಂಕ ಕಟ್ಟದೆ ಸಾಗಿಸುವುದಕ್ಕೆ ಬಾಂಡು. ಇವು ಒಂದು ಸಲ ಕೂಡಿಬಂದರೆ ಮುಂದೆ ಸಲೀಸು. ತಲೆ ತಿನ್ನುವುದು ಯುರೋಪಿನ ವಿಐ-1 ಪ್ರಮಾಣಪತ್ರ: ಆಲ್ಕೋಹಾಲ್, ಒಟ್ಟು ಹುಳಿ, ಆವಿಯಾಗುವ ಹುಳಿ, ಸಲ್ಫರ್ ಎಲ್ಲ ಅವರು ಒಪ್ಪಿದ ಪ್ರಯೋಗಾಲಯದಲ್ಲೇ ಅಳೆದಿರಬೇಕು. ಬ್ರಿಟನ್ 2022ರ ಜನವರಿ 1ರಿಂದ ಈ ಪತ್ರವನ್ನೇ ಕೈಬಿಟ್ಟಿತು. ಸಣ್ಣವರು ಲಂಡನ್ನಿನಿಂದ ಶುರುಮಾಡಿ ಅಂತ ನಾನು ಹೇಳುವುದಕ್ಕೆ ಇದೇ ಕಾರಣ. ಯುರೋಪಿಗೆ ಸ್ಯಾಂಪಲ್ ಮಾತ್ರ ಕಳಿಸುವುದಿದ್ದರೆ, ಲೇಬಲ್ ಹಚ್ಚಿ ಮುಚ್ಚಿದ ಬಾಟಲಿಗಳಲ್ಲಿ 100 ಲೀಟರ್ ದಾಟದ ಸರಕಿಗೆ ವಿಐ-1 ಬೇಡ. ಇದು ಗೊತ್ತಿಲ್ಲದೆ ಎಷ್ಟೋ ಜನ ಸ್ಯಾಂಪಲ್ ಕಳಿಸುವುದಕ್ಕೇ ಹೆದರುತ್ತಾರೆ. ಲೇಬಲ್ಲಿಗೂ ಬೇರೆ ಅಚ್ಚು ಬೇಕು: 2023ರ ಡಿಸೆಂಬರ್ 8ರ ನಂತರ ತಯಾರಾದ ವೈನಿಗೆ ಯುರೋಪ್ ಪದಾರ್ಥಗಳ ಪಟ್ಟಿ, ಪೋಷಕಾಂಶದ ವಿವರ ಕೇಳುತ್ತದೆ. ಕ್ಯುಆರ್ ಕೋಡ್‌ನಲ್ಲಿ ಕೊಟ್ಟರೂ ನಡೆಯುತ್ತದೆ, ಆದರೆ ಕ್ಯಾಲೊರಿ ಮತ್ತು ಅಲರ್ಜಿಯ ಮಾತು ಬಾಟಲಿಯ ಮೇಲೇ ಇರಬೇಕು.

ಒಬ್ಬನೇ ಕಂಟೇನರ್ ತುಂಬುವುದು ನನ್ನಂಥವನಿಂದ ಆಗದ ಮಾತು. ಇಪ್ಪತ್ತು ಅಡಿಯದಕ್ಕೆ ಸಾವಿರದಷ್ಟು ಪೆಟ್ಟಿಗೆ ಹಿಡಿಯುತ್ತದೆ. ಅದಕ್ಕೆ ಸುತ್ತಲಿನ ಸಣ್ಣ ವೈನರಿಯವರು ಸೇರಿ ಕಳಿಸತೊಡಗಿದೆವು. ಲೇಬಲ್ ಅವರವರದು, ಏಜೆಂಟು, ವಿಮೆ, ಹಡಗಿನ ಬಾಡಿಗೆ ಒಟ್ಟಿಗೆ. ಮರದ ಪ್ಯಾಲೆಟ್ಟಿಗೆ ಶಾಖೋಪಚಾರದ ಮುದ್ರೆ ಬಿದ್ದಿರಲೇಬೇಕು. ಮರದ ಒಡಲು 56 ಡಿಗ್ರಿಯಲ್ಲಿ ಅರ್ಧ ಗಂಟೆ ಕಾದಿದೆ ಅನ್ನುವುದಕ್ಕೆ ಅದೇ ಸಾಕ್ಷಿ. ಸರಕು ಹೊರಡುವುದು ಡಿಸೆಂಬರ್-ಜನವರಿಯಲ್ಲಿ. ಬೇಸಿಗೆಯಲ್ಲಿ ಮುಂಬೈ ಹತ್ತಿರದ ನಾವಾ ಶೇವಾ ಬಂದರಿನ ಯಾರ್ಡಿನಲ್ಲಿ ಬಿಸಿಲಿಗೆ ನಿಂತ ಪೆಟ್ಟಿಗೆಯೊಳಗೆ ವೈನ್ ಹಿಗ್ಗಿ ಬಿರಡೆಯನ್ನು ಮೇಲಕ್ಕೆ ಒತ್ತುತ್ತದೆ, ಆಮೇಲೆ ಗಾಳಿ ಒಳಹೊಕ್ಕು ಆ ಬಾಟಲಿ ಮುಗಿದಂತೆಯೇ. ನಾವು ಒಳಗೆ ಶಾಖ ತಡೆಯುವ ಹೊದಿಕೆ ಹಾಕಿಸಿ, ಉಷ್ಣತೆ ದಾಖಲಿಸುವ ಸಣ್ಣ ಯಂತ್ರವನ್ನೂ ಇಡುತ್ತೇವೆ. ಅದರ ಗ್ರಾಫನ್ನು ಕೊಳ್ಳುವವರಿಗೆ ನಾವಾಗಿಯೇ ಕಳಿಸುತ್ತೇವೆ; ಅದನ್ನು ನೋಡಿದ ಮೇಲೆ ಮುಂದಿನ ಆರ್ಡರಿನ ಮಾತು ಸರಾಗವಾಗುತ್ತದೆ.

ಇಷ್ಟೆಲ್ಲ ಆದ ಮೇಲೂ ನನ್ನನ್ನು ಕಾಡುವ ಗಡಿ ನಮ್ಮ ಊರಿನಿಂದ ಮೂಡಣಕ್ಕಿದೆ. ವಿಜಯಪುರದಲ್ಲಿ ನನ್ನ ಬಾಟಲಿ ಮಾರಬೇಕಾದರೆ ಇಲ್ಲಿಂದ ಹೊರಡುವ ಪರವಾನಗಿ, ಅಲ್ಲಿ ಒಳಬರುವ ಪರವಾನಗಿ, ಅಲ್ಲಿನ ಲೇಬಲ್ ನೋಂದಣಿ, ಅಲ್ಲಿನ ಸುಂಕ ಎಲ್ಲ ಬೇಕು. ಕುಡಿಯುವ ಮದ್ಯ ಜಿಎಸ್‌ಟಿಯ ಹೊರಗಿರುವುದರಿಂದ, ದೇಶದೊಳಗೆ ಮಾರುವ ಸರಕಿಗೆ ಬಾಟಲಿ, ಲೇಬಲ್ಲಿನ ಮೇಲೆ ಕಟ್ಟಿದ ಜಿಎಸ್‌ಟಿ ತಿರುಗಿ ಬರುವುದಿಲ್ಲ. ಅತ್ತ 2022ರ ಡಿಸೆಂಬರಿನಲ್ಲಿ ಜಾರಿಗೆ ಬಂದ ಭಾರತ-ಆಸ್ಟ್ರೇಲಿಯಾ ವ್ಯಾಪಾರ ಒಪ್ಪಂದದಡಿ, ಬಾಟಲಿಗೆ 5 ಅಮೆರಿಕನ್ ಡಾಲರ್ ಮೀರಿದ ಆಸ್ಟ್ರೇಲಿಯಾ ವೈನಿನ ಆಮದು ಸುಂಕ ಶೇ. 150ರಿಂದ 100ಕ್ಕೆ, 15 ಡಾಲರ್ ಮೀರಿದ್ದಕ್ಕೆ ಶೇ. 75ಕ್ಕೆ ಇಳಿಯಿತು, ವರ್ಷವರ್ಷ ಇನ್ನೂ ಇಳಿಯುತ್ತದೆ. ಅವರು ಬರಲಿ, ಪೈಪೋಟಿಗೆ ನಾವು ತಯಾರಿದ್ದೇವೆ. ಆದರೆ ಕೃಷ್ಣೆಯ ನೀರು ಕುಡಿದು ಎರಡೂ ಮಗ್ಗುಲಲ್ಲಿ ಬೆಳೆಯುವ ಒಂದೇ ದ್ರಾಕ್ಷಿಗೆ ಮಹಾರಾಷ್ಟ್ರ, ಕರ್ನಾಟಕ ಎರಡೂ ಸರ್ಕಾರ ಕೂತು ಒಂದೇ ಲೇಬಲ್ ನೋಂದಣಿ ಒಪ್ಪಿಕೊಳ್ಳಲಿ, ವಿಐ-1 ಪರೀಕ್ಷೆಗೆ ನಡೆಯುವಂಥ ಒಂದು ಪ್ರಯೋಗಾಲಯವನ್ನು ಈ ಭಾಗದಲ್ಲೇ ತೆರೆಯಲಿ. ತಿಕೋಟಾ ಕಡೆಯ ಬೆಳೆಗಾರರೂ ನಾವೂ ಸೇರಿ ಈ ಎರಡು ಬೇಡಿಕೆಯ ಅರ್ಜಿ ಬರೆಯುತ್ತಿದ್ದೇವೆ, ಕನ್ನಡದಲ್ಲೊಂದು, ಮರಾಠಿಯಲ್ಲೊಂದು.