ಹೊಸ ಕಂಪ್ಯೂಟರ್‌ಗೆ ಯಾವ ಡ್ರೈವರ್ ಹಾಕಿದೆ, ಯಾವುದನ್ನು ಬಿಟ್ಟೆ

ಬಿಡಿಭಾಗ ತಂದು ನಾನೇ ಜೋಡಿಸಿದ ಮೊದಲ ಕಂಪ್ಯೂಟರ್ ಅದು. ಫ್ಯಾನ್ ತಿರುಗಿತು, ಪರದೆ ಬೆಳಗಿತು, ವಿಂಡೋಸ್ 11 ಇನ್‌ಸ್ಟಾಲ್ ಆಗತೊಡಗಿತು. ಕೊನೆಯ ಹಂತದಲ್ಲಿ ಇಂಟರ್‌ನೆಟ್ ಕೇಳಿತು. ಲ್ಯಾನ್ ಕೇಬಲ್ ಹಾಕಿದರೂ ಏನೂ ಇಲ್ಲ, ವೈ-ಫೈ ಪಟ್ಟಿ ಖಾಲಿ. ಮದರ್‌ಬೋರ್ಡ್‌ನ 2.5 ಗಿಗಾಬಿಟ್ ಲ್ಯಾನ್ ಚಿಪ್‌ಗೆ ಬೇಕಾದ ಡ್ರೈವರ್, ಅಂದರೆ ಆ ಚಿಪ್ ಜೊತೆ ಮಾತಾಡೋಕೆ ವಿಂಡೋಸ್‌ಗೆ ಬೇಕಾದ ಸಾಫ್ಟ್‌ವೇರ್, ವಿಂಡೋಸ್ ಒಳಗೆ ಇರಲಿಲ್ಲ. ಡ್ರೈವರ್ ತರೋಕೆ ನೆಟ್ ಬೇಕು, ನೆಟ್ ಬರೋಕೆ ಡ್ರೈವರ್ ಬೇಕು!

ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ ಟೆದರಿಂಗ್ (ಫೋನಿನ ನೆಟ್ ಅನ್ನು ಕಂಪ್ಯೂಟರ್‌ಗೆ ಕೊಡುವುದು) ಆನ್ ಮಾಡಿದೆ. ಅದಕ್ಕೆ ಬೇಕಾದ ಡ್ರೈವರ್ ವಿಂಡೋಸ್‌ನಲ್ಲೇ ಇರುತ್ತದೆ, ಹಾಗಾಗಿ ಕೆಲಸ ಮುಂದಕ್ಕೆ ಹೋಯಿತು.

ಆಮೇಲೆ ಮಾಡಿದ್ದು ತಪ್ಪು. ಮದರ್‌ಬೋರ್ಡ್‌ನ ಡೌನ್‌ಲೋಡ್ ಪುಟ ತೆರೆದು, ಮೇಲಿನಿಂದ ಕೆಳಗಿನವರೆಗೆ ಇದ್ದದ್ದನ್ನೆಲ್ಲ ಇನ್‌ಸ್ಟಾಲ್ ಮಾಡಿದೆ. ಅದರಲ್ಲಿ ಎರಡು ಬೇರೆ ಕಂಪನಿಗಳ ವೈ-ಫೈ ಡ್ರೈವರ್ ಇದ್ದವು. ಒಂದೇ ಮಾಡೆಲ್ ಬೋರ್ಡ್ ಬೇರೆ ಬೇರೆ ವೈ-ಫೈ ಕಾರ್ಡ್‌ಗಳ ಜೊತೆ ಬರುತ್ತದೆ, ಪುಟದಲ್ಲಿ ಎಲ್ಲವನ್ನೂ ಒಟ್ಟಿಗೆ ಇಟ್ಟಿರುತ್ತಾರೆ ಅಂತ ಆಗ ನನಗೆ ಗೊತ್ತಿರಲಿಲ್ಲ. ಲೈಟಿನ ಬಣ್ಣ ಬದಲಿಸುವ ಸಾಫ್ಟ್‌ವೇರ್, ನೆಟ್ ವೇಗ ಹೆಚ್ಚಿಸುತ್ತೇನೆ ಅನ್ನುವ ಸಾಫ್ಟ್‌ವೇರ್, ಎಲ್ಲವೂ ಒಳಗೆ ಬಂದವು. ಅವತ್ತಿನಿಂದ ಸ್ಲೀಪ್‌ಗೆ ಹಾಕಿದರೆ ಕಂಪ್ಯೂಟರ್ ತಾನಾಗಿಯೇ ಎದ್ದು ಕೂರುತ್ತಿತ್ತು. ಯಾವುದರಿಂದ ಹೀಗಾಯಿತು ಅಂತ ಹುಡುಕೋಕೂ ದಾರಿ ಇರಲಿಲ್ಲ, ಯಾಕಂದ್ರೆ ಎಲ್ಲವನ್ನೂ ಒಂದೇ ಸಂಜೆ ಹಾಕಿದ್ದೆ. ಡಿಸ್ಕ್ ಅಳಿಸಿ ಮತ್ತೆ ಮೊದಲಿನಿಂದ ಶುರು ಮಾಡಿದೆ.

ಎರಡನೇ ಸಲ ಡೌನ್‌ಲೋಡ್ ಪುಟದ ಪಟ್ಟಿಯನ್ನು ನೋಡಲೇ ಇಲ್ಲ, ಕಂಪ್ಯೂಟರನ್ನೇ ಕೇಳಿದೆ. ವಿಂಡೋಸ್ ಅಪ್‌ಡೇಟ್ ತನ್ನ ಪಾಡಿಗೆ ಓಡಲಿ ಅಂತ ಬಿಟ್ಟೆ, ಎರಡು ಸಲ ರೀಸ್ಟಾರ್ಟ್ ಮಾಡಿದೆ. ಆಮೇಲೆ ಕಂಪ್ಯೂಟರ್‌ನ ಎಲ್ಲ ಭಾಗಗಳನ್ನು ತೋರಿಸುವ ವಿಂಡೋಸ್‌ನ ಡಿವೈಸ್ ಮ್ಯಾನೇಜರ್ ತೆರೆದು ಹಳದಿ ಗುರುತು ಎಲ್ಲೆಲ್ಲಿ ಉಳಿದಿದೆ ಅಂತ ನೋಡಿದೆ. ಮೂರೇ ಉಳಿದಿದ್ದವು: ಎಸ್‌ಎಂ ಬಸ್ ಕಂಟ್ರೋಲರ್, ಪಿಸಿಐ ಸಿಂಪಲ್ ಕಮ್ಯುನಿಕೇಷನ್ಸ್ ಕಂಟ್ರೋಲರ್, ಮತ್ತೆ ಒಂದು ಅನ್‌ನೋನ್ ಡಿವೈಸ್. ಮೂರಕ್ಕೂ ಕೋಡ್ 28, ಅಂದರೆ ಡ್ರೈವರ್ ಇನ್‌ಸ್ಟಾಲ್ ಆಗಿಲ್ಲ ಅಂತ.

ಹೆಸರು ಗೊತ್ತಿಲ್ಲದ ಡಿವೈಸ್ ಯಾರದು ಅಂತ ತಿಳಿಯೋದು ಸುಲಭ. ಅದರ ಪ್ರಾಪರ್ಟೀಸ್‌ನಲ್ಲಿ ಡೀಟೇಲ್ಸ್ ಟ್ಯಾಬ್‌ಗೆ ಹೋಗಿ ಹಾರ್ಡ್‌ವೇರ್ ಐಡಿ ನೋಡಿ. ಅಲ್ಲಿ ತಯಾರಕರ ಗುರುತು ಇರುತ್ತದೆ. 8086 ಇದ್ದರೆ ಇಂಟೆಲ್, 1022 ಇದ್ದರೆ ಎಎಂಡಿ, 10ಇಸಿ ಇದ್ದರೆ ರಿಯಲ್‌ಟೆಕ್, 10ಡಿಇ ಇದ್ದರೆ ಎನ್ವಿಡಿಯಾ. ನನ್ನಲ್ಲಿ ಮೊದಲೆರಡಕ್ಕೆ 8086 ಇತ್ತು. ಮೂರನೆಯದಕ್ಕೆ ಅಂಕಿಯ ಬದಲು ಐಎನ್‌ಟಿಸಿ ಅನ್ನುವ ಅಕ್ಷರಗಳಿದ್ದವು. ಅದೂ ಇಂಟೆಲ್‌ದೇ. ಚಿಪ್‌ಸೆಟ್ (ಬೋರ್ಡ್‌ನ ಭಾಗಗಳನ್ನು ಪ್ರೊಸೆಸರ್‌ಗೆ ಜೋಡಿಸುವ ಚಿಪ್) ಫೈಲ್ ಹಾಕಿದಾಗ ಮೊದಲನೆಯದು ಹೋಯಿತು. ಮ್ಯಾನೇಜ್‌ಮೆಂಟ್ ಎಂಜಿನ್ ಅನ್ನುವ ಇಂಟೆಲ್ ಡ್ರೈವರ್ ಹಾಕಿದಾಗ ಎರಡನೆಯದು, ಸೀರಿಯಲ್ ಐಒ ಅನ್ನುವುದನ್ನು ಹಾಕಿದಾಗ ಮೂರನೆಯದು. ಒಂದೊಂದಾದ ಮೇಲೂ ರೀಸ್ಟಾರ್ಟ್ ಮಾಡಿ ನೋಡಿಕೊಂಡೆ.

ಇಲ್ಲಿ ಒಂದು ವಿಷಯ ನನ್ನನ್ನು ಗಾಬರಿ ಮಾಡಿತು. ಚಿಪ್‌ಸೆಟ್ ಡ್ರೈವರ್‌ನ ತಾರೀಖು 1968ರ ಜುಲೈ 18 ಅಂತ ತೋರಿಸುತ್ತಿತ್ತು. ಏನೋ ಕೆಟ್ಟಿದೆ ಅಂದುಕೊಂಡೆ. ಓದಿ ನೋಡಿದರೆ ಅದು ಇಂಟೆಲ್ ಕಂಪನಿ ಹುಟ್ಟಿದ ದಿನ, ಬೇಕಂತಲೇ ಹಾಕಿದ್ದು. ಈ ಫೈಲ್‌ಗಳು ಹೆಚ್ಚಾಗಿ ಡಿವೈಸ್‌ಗೆ ಸರಿಯಾದ ಹೆಸರು ಕೊಡುತ್ತವೆ, ಅಷ್ಟೇ. ಒಂದೇ ಡಿವೈಸ್‌ಗೆ ಸಮನಾಗಿ ಹೊಂದುವ ಎರಡು ಡ್ರೈವರ್ ಸಿಕ್ಕರೆ ವಿಂಡೋಸ್ ಹೊಸ ತಾರೀಖಿನದನ್ನು ಆರಿಸುತ್ತದೆ. ತಾರೀಖು ಅಷ್ಟು ಹಳೆಯದಾದರೆ, ನಿಜವಾದ ಡ್ರೈವರ್ ಬೇರೆ ಇದ್ದಾಗ ಇದು ಅದರ ಜಾಗಕ್ಕೆ ಬಂದು ಕೂರುವುದಿಲ್ಲ. ಮೈಕ್ರೋಸಾಫ್ಟ್‌ನ ಸ್ವಂತ ಡ್ರೈವರ್‌ಗಳಲ್ಲಿ ಹೆಚ್ಚಿನವೂ ಹೀಗೇ, 2006ರ ಜೂನ್ 21 ಅಂತ ಇರುತ್ತವೆ. ಹಾಗಾಗಿ ತಾರೀಖು ಹಳೆಯದು ಅನ್ನುವ ಒಂದೇ ಕಾರಣಕ್ಕೆ ಡ್ರೈವರ್ ಬದಲಿಸಬೇಡಿ. ಎಲ್ಲ ಡ್ರೈವರ್ ಅಪ್‌ಡೇಟ್ ಮಾಡಿಕೊಡುತ್ತೇವೆ ಅನ್ನುವ ಸಾಫ್ಟ್‌ವೇರ್‌ಗಳನ್ನಂತೂ ಹತ್ತಿರಕ್ಕೂ ಸೇರಿಸಬೇಡಿ.

ಎಎಂಡಿಯ ರೈಜನ್ ಪ್ರೊಸೆಸರ್ ಆದರೆ ಲೆಕ್ಕ ಸ್ವಲ್ಪ ಬೇರೆ. ಆಮೇಲೆ ಗೆಳೆಯನಿಗಾಗಿ 7950ಎಕ್ಸ್3ಡಿ ಇರುವ ಕಂಪ್ಯೂಟರ್ ಜೋಡಿಸಿದೆ. ಆ ಪ್ರೊಸೆಸರ್‌ನಲ್ಲಿ ಎಂಟೆಂಟು ಕೋರ್‌ಗಳ ಎರಡು ಗುಂಪು ಇವೆ, ಜಾಸ್ತಿ ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) ಇರೋದು ಒಂದರಲ್ಲಿ ಮಾತ್ರ. ಗೇಮ್ ಆ ಗುಂಪಿನಲ್ಲೇ ಓಡುವಂತೆ ನೋಡಿಕೊಳ್ಳುವ ಡ್ರೈವರ್ ಚಿಪ್‌ಸೆಟ್ ಪ್ಯಾಕೇಜ್‌ನಲ್ಲಿದೆ. ಅಲ್ಲಿ ಅದನ್ನು ಬಿಡುವ ಹಾಗೇ ಇಲ್ಲ.

ಗ್ರಾಫಿಕ್ಸ್ ಡ್ರೈವರ್ ಮಾತ್ರ ಕಾರ್ಡಿನ ಚಿಪ್ ಮಾಡಿದ ಕಂಪನಿಯಿಂದಲೇ ತಂದೆ. ವಿಂಡೋಸ್ ಅಪ್‌ಡೇಟ್ ಕೊಟ್ಟದ್ದು ಹಳೆಯ ಆವೃತ್ತಿ. ನಾನು ಜಾಸ್ತಿ ಮಾಡೋದು ವಿಡಿಯೊ ಎಡಿಟಿಂಗ್, ಹಾಗಾಗಿ ಎನ್ವಿಡಿಯಾದ ಗೇಮ್ ರೆಡಿ ಬಿಟ್ಟು ಸ್ಟುಡಿಯೊ ಡ್ರೈವರ್ ಆರಿಸಿದೆ. ಎಚ್‌ಡಿಎಂಐ ಮೂಲಕ ಮಾನಿಟರ್‌ಗೆ ಹೋಗುವ ಧ್ವನಿಯ ಡ್ರೈವರ್ ಅದರ ಜೊತೆಗೇ ಬರುತ್ತದೆ. ಬೋರ್ಡಿನ ಆಡಿಯೊ ವಿಂಡೋಸ್‌ನ ಡ್ರೈವರ್‌ನಲ್ಲೇ ಕೇಳಿಸುತ್ತಿತ್ತು, ಆದರೆ ಮುಂದಿನ ಜಾಕ್‌ಗೆ ಹೆಡ್‌ಫೋನ್ ಚುಚ್ಚಿದರೆ ಗುರುತಿಸುತ್ತಿರಲಿಲ್ಲ. ಅದಕ್ಕಾಗಿ ರಿಯಲ್‌ಟೆಕ್ ಡ್ರೈವರ್ ಹಾಕಿದೆ. ಎನ್‌ವಿಎಂಇ ಅನ್ನುವ ವೇಗದ ಡಿಸ್ಕ್, ಮಾನಿಟರ್, ಕೀಬೋರ್ಡ್, ಮೌಸ್ ಯಾವುದಕ್ಕೂ ಬೇರೆ ಏನೂ ಹಾಕಲಿಲ್ಲ. ಬೋರ್ಡ್‌ನ ಸಾಫ್ಟ್‌ವೇರ್ ಹಾಕಲಾ ಅಂತ ತಾನೇ ಕೇಳುವ ಒಂದು ಕಿಟಕಿ ಬರುತ್ತಿತ್ತು. ಬಯೋಸ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮುಂಚೆ ಓಡುವ ಬೋರ್ಡಿನ ಸ್ವಂತ ಸಾಫ್ಟ್‌ವೇರ್‌ನಲ್ಲಿ, ಅದನ್ನು ಆಫ್ ಮಾಡುವ ಆಯ್ಕೆ ಸಿಕ್ಕಿತು.

ಆ ರಾತ್ರಿ ಸ್ಲೀಪ್‌ಗೆ ಹಾಕಿ ಮಲಗಿದೆ. ಬೆಳಿಗ್ಗೆ ನಾನು ಕೀ ಒತ್ತುವವರೆಗೂ ಅದು ಎದ್ದಿರಲಿಲ್ಲ. ಈಗ ವಿಂಡೋಸ್ ಇರುವ ಪೆನ್‌ಡ್ರೈವ್‌ನಲ್ಲೇ ಒಂದು ಫೋಲ್ಡರ್ ಮಾಡಿ ಲ್ಯಾನ್ ಮತ್ತು ವೈ-ಫೈ ಡ್ರೈವರ್ ಹಾಕಿಟ್ಟಿದ್ದೇನೆ. ಡೌನ್‌ಲೋಡ್ ಮಾಡುವ ಮುಂಚೆ ಬೋರ್ಡ್ ಮೇಲೆ ಅಚ್ಚಾಗಿರುವ ರಿವಿಷನ್ ನಂಬರ್ (ಅದೇ ಮಾಡೆಲ್‌ನ ಎಷ್ಟನೇ ಆವೃತ್ತಿ ಅಂತ) ನೋಡಿಕೊಳ್ಳುತ್ತೇನೆ. 1.0ಕ್ಕೂ 1.1ಕ್ಕೂ ಲ್ಯಾನ್ ಚಿಪ್ಪೇ ಬೇರೆ ಇರಬಹುದು.