ತಾಮ್ರದ ತಗಡಿನಲ್ಲಿ ನಿಮ್ಮ ಮನೆಯ ಹೆಸರು

‘ಎಷ್ಟು ಗೇಜ್ ಬೇಕು?’ ತಾಮ್ರದ ತಗಡು ಕೇಳಿದರೆ ಅಂಗಡಿಯವರು ಮೊದಲು ಕೇಳುವುದೇ ಇದು. ಮೊದಲ ಸಲ ಹೋದಾಗ ನನಗೆ ಉತ್ತರ ಗೊತ್ತಿರಲಿಲ್ಲ. ದಪ್ಪ ಇದ್ದರೆ ಬಾಳಿಕೆ ಬರುತ್ತದೆ ಅಂದುಕೊಂಡು ದಪ್ಪನೆಯದನ್ನೇ ತಂದೆ. ಬಾಗಿಲ ಪಕ್ಕಕ್ಕೆ ಮನೆಯ ಹೆಸರು ಮಾಡಿ ಹಾಕುವ ಆಸೆ. ಎಷ್ಟು ಒತ್ತಿದರೂ ಒಂದು ಅಕ್ಷರವೂ ಎದ್ದು ಬರಲಿಲ್ಲ. ಅಂಚು ಸರಿಯಾಗಲಿಲ್ಲ ಎಂದು ಮಡಚಿ, ಬಿಡಿಸಿ, ಮತ್ತೆ ಮಡಚಿದೆ. ಮಡಿಕೆಯಲ್ಲೇ ಸೀಳಿತು. ತಗಡು ಒಳ್ಳೆಯದೇ ಇತ್ತು. ಕೆಲಸಕ್ಕೆ ತಕ್ಕ ದಪ್ಪ ಯಾವುದು, ತಗಡಿನ ಹದ ಎಂದರೇನು ಎನ್ನುವುದು ನನಗೆ ಗೊತ್ತಿರಲಿಲ್ಲ.

ತಗಡು ಕೊಳ್ಳುವಾಗ

ಗೇಜ್ ಎಂದರೆ ತಗಡಿನ ದಪ್ಪದ ಅಳತೆ. ಆದರೆ ಅದರ ಲೆಕ್ಕ ತಲೆಕೆಳಗು. ಸಂಖ್ಯೆ ಜಾಸ್ತಿಯಾದಷ್ಟೂ ತಗಡು ತೆಳುವಾಗುತ್ತದೆ. ನಮ್ಮಲ್ಲಿ ಬಳಕೆಯಲ್ಲಿರುವ ಎಸ್‌ಡಬ್ಲ್ಯುಜಿ (ಸ್ಟ್ಯಾಂಡರ್ಡ್ ವೈರ್ ಗೇಜ್) ಲೆಕ್ಕದಲ್ಲಿ 36 ಗೇಜ್ ಎಂದರೆ ಸುಮಾರು 0.19 ಮಿ.ಮೀ., 30 ಗೇಜ್ ಎಂದರೆ 0.31 ಮಿ.ಮೀ., 24 ಗೇಜ್ ಎಂದರೆ 0.56 ಮಿ.ಮೀ. ಅಮೆರಿಕದ ಗೇಜ್ ಲೆಕ್ಕ ಬೇರೆ. ಹಾಗಾಗಿ ಆನ್‌ಲೈನ್‌ನಲ್ಲಿ ತರಿಸುವುದಾದರೆ ಮಿಲಿಮೀಟರ್ ನೋಡಿಯೇ ಆರ್ಡರ್ ಮಾಡಿ.

ಕೈಯಿಂದ ಒತ್ತಿ ಅಕ್ಷರ ಎಬ್ಬಿಸಲು 36 ಗೇಜ್ ಸಾಕು. ಮನೆಯ ಕತ್ತರಿಯಲ್ಲೇ ಕತ್ತರಿಸಬಹುದು. 24 ಗೇಜ್ ಆದರೆ ಸುತ್ತಿಗೆ, ಉಳಿ, ತಗಡಿನ ಕತ್ತರಿ ಎಲ್ಲ ಬೇಕು. ಮೊದಲ ಕೆಲಸಕ್ಕೆ ಅದು ಬೇಡ.

ತಗಡನ್ನು ತೂಕಕ್ಕೆ ಮಾರುತ್ತಾರೆ. ಇದು ಒಳ್ಳೆಯದೇ, ದಪ್ಪ ಸರಿಯಿದೆಯೇ ಎಂದು ತಕ್ಕಡಿಯಲ್ಲೇ ಗೊತ್ತಾಗುತ್ತದೆ. ಒಂದು ಅಡಿ ಉದ್ದ, ಒಂದು ಅಡಿ ಅಗಲದ 0.2 ಮಿ.ಮೀ. ತಗಡು ಸುಮಾರು 165 ಗ್ರಾಂ ತೂಗಬೇಕು. ಅರ್ಧ ಮಿ.ಮೀ. ಆದರೆ 415 ಗ್ರಾಂ ಆಸುಪಾಸು. ಜೇಬಿನಲ್ಲಿ ಒಂದು ಚಿಕ್ಕ ಅಯಸ್ಕಾಂತ ಇಟ್ಟುಕೊಂಡು ಹೋಗಿ. ತಾಮ್ರಕ್ಕೆ ಅದು ಅಂಟುವುದಿಲ್ಲ. ಅಂಟಿದರೆ ಒಳಗೆ ಕಬ್ಬಿಣ, ಮೇಲೆ ಬರೀ ಲೇಪ. ಅಂಚನ್ನು ಸ್ವಲ್ಪ ಉಜ್ಜಿಯೂ ನೋಡಿ. ಒಳಗೂ ಅದೇ ಕೆಂಪು ಬಣ್ಣ ಕಾಣಬೇಕು.

ಕೊನೆಗೆ ಒಂದು ಮೂಲೆಯನ್ನು ಬೆರಳಿನಿಂದ ಬಗ್ಗಿಸಿ. ಬಗ್ಗಿದಲ್ಲೇ ನಿಂತರೆ ಮೆತ್ತನೆಯ ತಗಡು, ಅಂಗಡಿಯವರ ಮಾತಿನಲ್ಲಿ ‘ಸಾಫ್ಟ್’. ಸ್ಪ್ರಿಂಗ್‌ನಂತೆ ವಾಪಸ್ ಚಿಮ್ಮಿದರೆ ಅದು ಬಿರುಸು. ಸಾಫ್ಟ್ ಸಿಕ್ಕರೆ ಅದನ್ನೇ ತನ್ನಿ.

ಹದ ಮಾಡುವುದು

ತಾಮ್ರವನ್ನು ಬಡಿದಷ್ಟೂ, ಬಗ್ಗಿಸಿದಷ್ಟೂ ಅದು ಬಿರುಸಾಗುತ್ತಾ ಹೋಗುತ್ತದೆ. ಲೋಹವೆಂದರೆ ಸಣ್ಣ ಸಣ್ಣ ಹರಳುಗಳ ರಾಶಿ. ಪ್ರತಿ ಪೆಟ್ಟಿಗೂ ಆ ಹರಳುಗಳು ಜಾರಿ, ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಆಮೇಲೆ ಜಾರಲು ಜಾಗ ಇರುವುದಿಲ್ಲ. ಆಗಲೂ ಬಲವಂತ ಮಾಡಿದರೆ ಬಿರುಕು ಬಿಡುತ್ತದೆ. ನನ್ನ ತಗಡಿಗೆ ಆದದ್ದೂ ಇದೇ.

ಇದಕ್ಕೆ ಬೆಂಕಿಯೇ ಮದ್ದು. ತಗಡನ್ನು ಕಾಯಿಸಿದರೆ ಹರಳುಗಳು ಹೊಸದಾಗಿ ಕೂಡಿಕೊಂಡು ತಾಮ್ರ ಮತ್ತೆ ಬೆಣ್ಣೆಯಂತಾಗುತ್ತದೆ. ಹಂಡೆ, ಬೋಗುಣಿ ಬಡಿಯುವವರು ಒಂದೇ ಪಾತ್ರೆಯನ್ನು ಎಷ್ಟೋ ಸಲ ಬೆಂಕಿಗೆ ಹಿಡಿದು ತೆಗೆಯುವುದು ಇದಕ್ಕಾಗಿಯೇ.

ಮನೆಯಲ್ಲಿ ಗ್ಯಾಸ್ ಒಲೆ ಸಾಕು. ಮೊದಲು ತಗಡಿನ ಎಣ್ಣೆ ಪಸೆಯನ್ನು ಚೆನ್ನಾಗಿ ಒರೆಸಿ. ಕಿಟಕಿ ತೆರೆದು, ದೀಪ ಆರಿಸಿ. ಕತ್ತಲಲ್ಲಿ ಮಾಡದಿದ್ದರೆ ಬಣ್ಣ ಗೊತ್ತಾಗುವುದಿಲ್ಲ. ಉದ್ದನೆಯ ಇಕ್ಕಳದಲ್ಲಿ ಹಿಡಿದು ಉರಿಯ ಮೇಲೆ ನಿಧಾನವಾಗಿ ಆಡಿಸಿ. ಮೊದಲು ಕಿತ್ತಳೆ, ನೇರಳೆ, ನೀಲಿ ಬಣ್ಣಗಳು ಅಲೆಯಂತೆ ಹರಿದು ಹೋಗುತ್ತವೆ. ನೋಡಲು ತುಂಬಾ ಚೆಂದ, ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಮಂಕಾದ ಕೆಂಪು ಕಂಡ ಕೂಡಲೇ ಆ ಭಾಗ ಹದವಾಯಿತು, ಮುಂದಿನ ಭಾಗಕ್ಕೆ ಸರಿಸಿ. ತೆಳು ತಗಡು ಕ್ಷಣದಲ್ಲಿ ಕಾಯುತ್ತದೆ, ಒಂದೇ ಕಡೆ ಹಿಡಿದು ನಿಲ್ಲಬೇಡಿ.

ಕಾದ ತಗಡನ್ನು ನೀರಿಗೆ ಅದ್ದಬಹುದಾ? ಅದ್ದಬಹುದು. ಉಕ್ಕನ್ನು ಹಾಗೆ ಮಾಡಿದರೆ ಗಟ್ಟಿಯಾಗುತ್ತದೆ, ತಾಮ್ರ ಆಗುವುದಿಲ್ಲ. ಹೊರಗೆ ಕಪ್ಪು ಪದರ ಕೂತಿರುತ್ತದೆ. ಬಿಸಿನೀರಿಗೆ ಎರಡು ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿ ಅದರಲ್ಲಿ ನೆನೆಸಿಡಿ. ಹುಣಸೆಹಣ್ಣಿನ ನೀರೂ ಆಗುತ್ತದೆ, ಸ್ವಲ್ಪ ತಡ ಅಷ್ಟೆ. ಆ ನೀರಿಗೆ ಕಬ್ಬಿಣದ ಇಕ್ಕಳ ಹಾಕಬೇಡಿ. ಕರಗಿದ ತಾಮ್ರ ಕಬ್ಬಿಣದ ಮೇಲೂ ತಗಡಿನ ಮೇಲೂ ಕಲೆಯಂತೆ ಕೂರುತ್ತದೆ. ಬಿದಿರು ಕಡ್ಡಿಯಲ್ಲಿ ಎತ್ತಿ.

ತಗಡು ಸಾಫ್ಟ್ ಆಗಿಯೇ ಸಿಕ್ಕಿದ್ದರೆ ಮೊದಲಿಗೆ ಇದೆಲ್ಲ ಬೇಕಿಲ್ಲ. ಒತ್ತುತ್ತಾ ಒತ್ತುತ್ತಾ ಕೈಗೆ ಬಿಗಿ ಅನ್ನಿಸಿತು ಎಂದರೆ ಆಗ ನಿಲ್ಲಿಸಿ ಕಾಯಿಸಿ. ಬಿರುಕು ಬಿಟ್ಟ ಮೇಲೆ ಕಾಯಿಸಿ ಪ್ರಯೋಜನವಿಲ್ಲ.

ಅಕ್ಷರ ಎಬ್ಬಿಸುವುದು

ನಮ್ಮ ದುಂಡು ಅಕ್ಷರಗಳು ಈ ಕೆಲಸಕ್ಕೇ ಹುಟ್ಟಿದಂತಿವೆ. ಚೂಪು ಮೂಲೆಗಳಲ್ಲಿ ತಗಡು ಹರಿಯುವ ಭಯ, ದುಂಡಗಿರುವ ಕಡೆ ಅದಿಲ್ಲ. ಆದರೆ ಒತ್ತಕ್ಷರಕ್ಕೆ ಜಾಗ ಬಿಡಬೇಕು. ‘ನೆಮ್ಮದಿ’ ಎಂದು ಬರೆಯುವುದಾದರೆ ದೊಡ್ಡ ಅಕ್ಷರ ನಾಲ್ಕು ಸೆಂ.ಮೀ. ಎತ್ತರವಾದರೂ ಇರಲಿ. ಇಲ್ಲದಿದ್ದರೆ ಕೆಳಗಿನ ಮ-ಒತ್ತು ಗಂಟಾಗಿ ಬಿಡುತ್ತದೆ.

ಬಟರ್ ಪೇಪರ್ ಮೇಲೆ ಹೆಸರು ಬರೆದು, ಅದನ್ನು ತಿರುಗಿಸಿ ತಗಡಿನ ಹಿಂಬದಿಗೆ ಟೇಪ್ ಹಾಕಿ. ಹಿಂದಿನಿಂದ ಒತ್ತುವುದರಿಂದ ಅಕ್ಷರ ಕನ್ನಡಿಯಲ್ಲಿ ಕಂಡಂತೆ ಇರಬೇಕು. ಕೆಳಗೆ ಹತ್ತು ಹಾಳೆಯಷ್ಟು ಹಳೆಯ ಪೇಪರ್ ಹಾಸಿ, ಇಂಕು ಮುಗಿದ ಬಾಲ್‌ಪೆನ್‌ನಿಂದ ಗೆರೆ ಎಳೆಯಿರಿ. ಆಮೇಲೆ ಬಟರ್ ಪೇಪರ್ ತೆಗೆದು, ಗೆರೆಯ ಒಳಗಿನ ಭಾಗವನ್ನು ಐಸ್‌ಕ್ರೀಂ ಕಡ್ಡಿ ಅಥವಾ ಸ್ವೆಟರ್ ಹೆಣೆಯುವ ಕಡ್ಡಿಯ ಹಿಂಬದಿಯಿಂದ ಒತ್ತಿ. ಒಂದೇ ಸಲಕ್ಕೆ ಆಳಕ್ಕೆ ಇಳಿಯಬೇಡಿ. ಇಡೀ ಹೆಸರನ್ನು ಒಂದು ಸುತ್ತು, ಮತ್ತೊಂದು ಸುತ್ತು, ಹೀಗೆ ಸ್ವಲ್ಪ ಸ್ವಲ್ಪವೇ. ನಡುವೆ ತಗಡನ್ನು ಮಗುಚಿ, ಗಟ್ಟಿ ಹಲಗೆಯ ಮೇಲಿಟ್ಟು, ಮುಂಬದಿಯಿಂದ ಅಕ್ಷರದ ಸುತ್ತಲಿನ ನೆಲವನ್ನು ಒತ್ತಿ ಸಮ ಮಾಡಿ. ಅಕ್ಷರ ಎದ್ದು ಕಾಣುವುದು ಹೀಗೆ ಸುತ್ತಲಿನ ನೆಲ ಕೂತಾಗ.

ಕತ್ತರಿಸಿದ ಅಂಚು ಬ್ಲೇಡಿನಷ್ಟೇ ಚೂಪು. ಕೈಗವಸು ಹಾಕಿಕೊಳ್ಳಿ. ಸುತ್ತಲೂ ಅರ್ಧ ಸೆಂ.ಮೀ. ಹಿಂದಕ್ಕೆ ಮಡಚಿ. ಉಬ್ಬಿದ ಅಕ್ಷರಗಳ ಹಿಂಬದಿಗೆ ಎಂ-ಸೀಲ್ ತುಂಬಿ. ತುಂಬದಿದ್ದರೆ ಯಾರದಾದರೂ ಬೆರಳು ತಾಗಿದರೂ ತಗ್ಗು ಬೀಳುತ್ತದೆ.

ಗಾಜಿಗೆ ತಾಮ್ರದ ಪಟ್ಟಿ

ಹೆಸರಿನ ಕೆಳಗೆ ಬಣ್ಣದ ಗಾಜಿನ ಸಾಲೊಂದು ತೂಗಾಡಿದರೆ ಇನ್ನೂ ಚೆನ್ನ. ಇದಕ್ಕೆ ಬೇಕಿರುವುದು ಅಂಟು ಇರುವ ತಾಮ್ರದ ಫಾಯಿಲ್ ಪಟ್ಟಿ. ಪ್ರತಿ ಗಾಜಿನ ತುಂಡಿನ ಅಂಚಿಗೂ ಅದನ್ನು ಸುತ್ತಿ, ಪಟ್ಟಿಗೆ ಪಟ್ಟಿ ಬೆಸೆದು ತುಂಡುಗಳನ್ನು ಕೂಡಿಸುವುದು. ನ್ಯೂಯಾರ್ಕ್‌ನ ಟಿಫ್ಯಾನಿ ಸ್ಟುಡಿಯೋದ ಹೆಸರಾಂತ ಗಾಜಿನ ದೀಪಗಳನ್ನು ಜೋಡಿಸಿದ್ದು ಇದೇ ರೀತಿಯಲ್ಲಿ.

ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಸಿಗುವ ತಾಮ್ರದ ಟೇಪ್ ಎಲೆಕ್ಟ್ರಾನಿಕ್ಸ್ ಕೆಲಸಕ್ಕೆ ಮಾಡಿದ್ದು, ಅಗಲ ಜಾಸ್ತಿ. ಗಾಜಿನ ಕೆಲಸದ ಫಾಯಿಲ್ ಎಂದೇ ಕೇಳಿ ತರಿಸಿ. 3 ಮಿ.ಮೀ. ಗಾಜಿಗೆ ಸುಮಾರು 5.5 ಮಿ.ಮೀ. ಅಗಲದ ಪಟ್ಟಿ ಸರಿಹೋಗುತ್ತದೆ. ಎರಡೂ ಬದಿಗೆ ಒಂದು ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ ಮಡಚಿಕೊಳ್ಳುತ್ತದೆ. ಗಾಜು ತೆಳು ಬಣ್ಣದ್ದಾದರೆ ಪಟ್ಟಿಯ ಅಂಟಿನ ಬದಿ ಹೊರಗೆ ಕಾಣುತ್ತದೆ. ಬೆಸುಗೆಯನ್ನು ಕಪ್ಪು ಮಾಡುವ ಯೋಚನೆ ಇದ್ದರೆ ಒಳಬದಿ ಕಪ್ಪಿರುವ ಪಟ್ಟಿಯನ್ನೇ ಕೊಳ್ಳಿ.

ಗಾಜಿನ ಅಂಚು ಉಜ್ಜಿ, ಸೋಪಿನಲ್ಲಿ ತೊಳೆದು, ಪೂರ್ತಿ ಒಣಗಿಸಿ. ಬೆರಳಿನ ಜಿಡ್ಡಿದ್ದರೂ ಅಂಟು ಹಿಡಿಯುವುದಿಲ್ಲ. ಅಂಚಿನ ನಡುಮಧ್ಯಕ್ಕೆ ಪಟ್ಟಿ ಕೂರಿಸಿ ಸುತ್ತಿ. ತುದಿ ಅರ್ಧ ಸೆಂ.ಮೀ. ಒಂದರ ಮೇಲೊಂದು ಬರಲಿ. ಪೆನ್ನಿನ ಕೊಳವೆಯಿಂದ ಒತ್ತಿ ತೀಡಿ. ಸುಕ್ಕು ಉಳಿದರೆ ಒಳಗೆ ಫ್ಲಕ್ಸ್ (ಬೆಸುಗೆ ಹಿಡಿಯಲೆಂದು ಸವರುವ ರಾಸಾಯನಿಕ) ನುಗ್ಗಿ ಪಟ್ಟಿ ಎದ್ದು ಬರುತ್ತದೆ. ಇನ್ನು ತುಂಡುಗಳನ್ನು ಜೋಡಿಸಿ, ಫ್ಲಕ್ಸ್ ಸವರಿ, 60/40 ತವರ-ಸೀಸದ ಬೆಸುಗೆ ಹಾಕಿ. ತೂಗು ಹಾಕಲು ತಾಮ್ರದ ತಂತಿಯ ಎರಡು ಬಳೆಗಳನ್ನೂ ಆಗಲೇ ಬೆಸೆಯಿರಿ. ಸೀಸ ವಿಷ. ಕಿಟಕಿ ತೆರೆದಿರಲಿ, ಅಡುಗೆಮನೆಯಲ್ಲಿ ಮಾಡಬೇಡಿ, ಮುಗಿದ ಮೇಲೆ ಕೈ ತೊಳೆಯಿರಿ. ಗಾಜನ್ನೂ ಅಂದೇ ತೊಳೆದಿಡಿ. ಫ್ಲಕ್ಸ್ ಉಳಿದರೆ ಹಸಿರು ಕಿಲುಬು ಹಿಡಿಯುತ್ತದೆ.

ಬಣ್ಣ, ಆಮೇಲೆ ಗೋಡೆ

ಅಕ್ಷರ ಮಾತ್ರ ಹೊಳೆದು, ನೆಲ ಕಪ್ಪಾಗಿರಬೇಕೇ? ಎರಡು ಮೊಟ್ಟೆಯನ್ನು ಗಟ್ಟಿಯಾಗಿ ಬೇಯಿಸಿ, ಬಿಸಿಯಿರುವಾಗಲೇ ಹಿಸುಕಿ ಒಂದು ಬಟ್ಟಲಿಗೆ ಹಾಕಿ. ಅದನ್ನೂ ತಗಡನ್ನೂ ಒಟ್ಟಿಗೆ ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡಿ, ಒಂದಕ್ಕೊಂದು ತಾಗದಿರಲಿ. ಮೊಟ್ಟೆಯ ಗಂಧಕದಿಂದ ಕೆಲವೇ ಗಂಟೆಗಳಲ್ಲಿ ತಾಮ್ರ ಕಂದಾಗಿ, ಕಪ್ಪಾಗುತ್ತದೆ. ಆಮೇಲೆ ಎದ್ದ ಅಕ್ಷರಗಳನ್ನಷ್ಟೇ ಹುಣಸೆಹಣ್ಣು, ಉಪ್ಪು ಹಚ್ಚಿ ತೀಡಿ. ತೊಳೆದು ಒಣಗಿಸಿ, ಮೇಲೆ ತೆಳುವಾಗಿ ಬಣ್ಣವಿಲ್ಲದ ಲ್ಯಾಕರ್ ಸ್ಪ್ರೇ ಮಾಡಿ.

ಮರದ ಹಲಗೆಗೆ ಕೂರಿಸುವಾಗ ಹಿತ್ತಾಳೆಯ ಸ್ಕ್ರೂ ಹಾಕಿ. ತಾಮ್ರಕ್ಕೆ ತಾಗಿಕೊಂಡ ಕಬ್ಬಿಣ ಮಳೆನೀರು ಬಿದ್ದರೆ ಬಹಳ ಬೇಗ ತುಕ್ಕು ಹಿಡಿಯುತ್ತದೆ. ಆ ತುಕ್ಕಿನ ಕೆಂಪು ನೀರು ನಿಮ್ಮ ಅಕ್ಷರಗಳ ಮೇಲೆಯೇ ಇಳಿಯುತ್ತದೆ.