ಕತ್ತರಿ ಯಾವುದರ ಮೇಲೆ? ಫ್ಯಾಷನ್ ಪತ್ರಿಕೆಯ ಹೆಣ್ಣಿನ ಚಿತ್ರಗಳನ್ನು ಕೊಲಾಜ್ ಮೂಲಕ ಪ್ರಶ್ನಿಸುವ ಬಗೆ

ರೂಢಿಯ ಕಲೆಯನ್ನು ಧಿಕ್ಕರಿಸಿದ ‘ದಾದಾ’ ಎಂಬ ಕಲಾ ಚಳವಳಿಗೆ ಸೇರಿದ ಬರ್ಲಿನ್ನಿನ ಕಲಾವಿದೆ ಹನ್ನಾ ಹೋಖ್ 1916ರಿಂದ 1926ರವರೆಗೆ ಉಲ್‌ಸ್ಟೈನ್ ಪ್ರಕಾಶನ ಸಂಸ್ಥೆಯಲ್ಲಿ ಕಸೂತಿ ಮತ್ತು ಲೇಸಿನ ವಿನ್ಯಾಸಗಳನ್ನು ರಚಿಸುತ್ತಿದ್ದರು. ಹೀಗಾಗಿ ಮಹಿಳಾ ಪತ್ರಿಕೆಗಳು ಸಿದ್ಧವಾಗುವ ಬಗೆ ಅವರಿಗೆ ಒಳಗಿನಿಂದಲೇ ಗೊತ್ತಿತ್ತು. ಕತ್ತರಿಸಿದ ಚಿತ್ರಗಳನ್ನು ಹೊಸದಾಗಿ ಜೋಡಿಸಿ ಅಂಟಿಸಿದ ಕಲಾಕೃತಿಯೇ ಕೊಲಾಜ್. 1920ರ ‘ಸುಂದರ ಹುಡುಗಿ’ ಎಂಬ ಅವರ ಕೊಲಾಜ್‌ನಲ್ಲಿ ಈಜುಡುಗೆ ತೊಟ್ಟ ಹೆಣ್ಣೊಬ್ಬಳು ಕೊಡೆ ಹಿಡಿದು ಕುಳಿತಿದ್ದಾಳೆ. ತಲೆ ಇರಬೇಕಾದ ಜಾಗದಲ್ಲಿ ವಿದ್ಯುತ್ ಬಲ್ಬಿದೆ. ಸುತ್ತ ಬಿಎಂಡಬ್ಲ್ಯು ಲಾಂಛನಗಳು, ಟೈರು, ಗಡಿಯಾರ ಹಿಡಿದ ಕೈ ಕಿಕ್ಕಿರಿದಿವೆ. ನೋಡುವವರ ಗಮನ ಆ ಹೆಣ್ಣಿನ ಮೈಯನ್ನು ದಾಟಿ, ಅವಳನ್ನು ಮುಂದಿಟ್ಟುಕೊಂಡು ಮಾರಾಟ ನಡೆಸುತ್ತಿರುವ ವಸ್ತುಗಳತ್ತ ಸರಿಯುತ್ತದೆ.

ಫ್ಯಾಷನ್ ಪತ್ರಿಕೆಯ ಚಿತ್ರಗಳಿಂದ ಇಂಥ ಕೊಲಾಜ್ ಮಾಡಲು ಕೈಹಾಕುವವರು ಇದನ್ನೇ ಮೊದಲು ಗಮನಿಸಬೇಕು. ಜಾಹೀರಾತುಗಳು ಹೆಣ್ಣನ್ನು ಈಗಾಗಲೇ ತುಂಡರಿಸಿವೆ: ಲಿಪ್‌ಸ್ಟಿಕ್ಕಿಗೆ ತುಟಿ ಮಾತ್ರ, ಚಪ್ಪಲಿಗೆ ಕಾಲು ಮಾತ್ರ, ಶಾಂಪೂವಿಗೆ ಬೆನ್ನು ಮತ್ತು ಕೂದಲು ಮಾತ್ರ. ನಾವೂ ಅದೇ ಅಂಗಾಂಗಗಳನ್ನು ಕತ್ತರಿಸಿ ಹರಡಿದರೆ ಜಾಹೀರಾತು ಮಾಡಿದ್ದನ್ನೇ ಮತ್ತೊಮ್ಮೆ ಮಾಡಿದಂತಾಗುತ್ತದೆ. ಕತ್ತರಿ ಬೀಳಬೇಕಾದದ್ದು ಹಿನ್ನೆಲೆ, ಭಂಗಿ, ಘೋಷವಾಕ್ಯ ಮತ್ತು ಬೆಲೆಗಳ ಮೇಲೆ.

ರದ್ದಿ ಅಂಗಡಿಯಲ್ಲಿ ಒಂದೇ ಫ್ಯಾಷನ್ ಪತ್ರಿಕೆಯ ಎರಡು ಮೂರು ಸಂಚಿಕೆಗಳನ್ನೂ, ಅದೇ ಕಾಲದ ಒಂದೆರಡು ಸುದ್ದಿ ವಾರಪತ್ರಿಕೆಗಳನ್ನೂ ಕೊಂಡುತನ್ನಿ. ಕತ್ತರಿ ಹಿಡಿಯುವ ಮೊದಲು ಒಂದು ಸಂಚಿಕೆಯನ್ನು ಪೆನ್ಸಿಲ್ ಹಿಡಿದು ಪೂರ್ತಿ ನೋಡಿ. ಎಷ್ಟು ಹೆಂಗಸರ ಇಡೀ ದೇಹ ಕಾಣುತ್ತದೆ, ಎಷ್ಟು ಮಂದಿಯ ಒಂದು ಭಾಗ ಮಾತ್ರ ಕಾಣುತ್ತದೆ, ಯಾರ ಕೈಯಲ್ಲಿ ಕೆಲಸದ ಸಾಮಾನಿದೆ, ಐವತ್ತು ದಾಟಿದವರು ಯಾವ ಪುಟದಲ್ಲಿದ್ದಾರೆ ಎಂಬುದನ್ನು ಗುರುತು ಹಾಕಿಕೊಳ್ಳಿ. ನಿಮ್ಮ ಚಿತ್ರ ಕೇಳಬೇಕಾದ ಪ್ರಶ್ನೆ ಈ ಗುರುತುಗಳಿಂದಲೇ ಹುಟ್ಟುತ್ತದೆ. ಮೊದಲೇ ತೀರ್ಮಾನಿಸಿಕೊಂಡು ಕುಳಿತರೆ ಕೊಲಾಜ್ ಬರಿಯ ಭಿತ್ತಿಪತ್ರವಾಗಿಬಿಡುತ್ತದೆ.

ಆರಂಭಿಸುವವರಿಗೆ ನಾನು ಸೂಚಿಸುವುದು ಮೈಬಣ್ಣದ ಪಟ್ಟಿಯನ್ನು. ಪತ್ರಿಕೆಯಲ್ಲಿರುವ ಹೆಂಗಸರ ಕೆನ್ನೆ, ಹಣೆ, ಮುಂಗೈಗಳಿಂದ ಎರಡು ಸೆಂಟಿಮೀಟರ್ ಅಳತೆಯ ಚೌಕಗಳನ್ನು ತೆಗೆದು, ಬಿಳಿ ಡ್ರಾಯಿಂಗ್ ಹಾಳೆಯ ಮೇಲೆ ತಿಳಿಬಣ್ಣದಿಂದ ಗಾಢಬಣ್ಣದ ಕಡೆಗೆ ಸಾಲಾಗಿ ಜೋಡಿಸಿ. ಅದರ ಕೆಳಗೆ ಸುದ್ದಿಪತ್ರಿಕೆಯ ಹೆಂಗಸರಿಂದ, ಅಂದರೆ ರೈತ ಮಹಿಳೆ, ಶಿಕ್ಷಕಿ, ಆಟಗಾರ್ತಿ, ಶಾಸಕಿಯರ ಚಿತ್ರಗಳಿಂದ, ತೆಗೆದ ಚೌಕಗಳ ಸಾಲನ್ನಿಡಿ. ಇಲ್ಲಿ ಕತ್ತರಿ ಮೈಯ ಚಿತ್ರದ ಮೇಲೇ ಬಿದ್ದರೂ ಯಾವ ಅಂಗವೂ ಗುರುತಿಗೆ ಸಿಗುವುದಿಲ್ಲ; ಮುಖ, ಒಡವೆ, ಉಡುಪು ಯಾವುದೂ ಇಲ್ಲದಿರುವುದರಿಂದ ಕಣ್ಣು ಬಣ್ಣವೊಂದನ್ನೇ ಅಳೆಯುತ್ತದೆ. ಎರಡು ಸಾಲುಗಳ ನಡುವಿನ ಅಂತರವನ್ನು ಯಾರೂ ವಿವರಿಸಬೇಕಾಗುವುದಿಲ್ಲ. ಮುದ್ರಣದ ಶಾಯಿ ಮತ್ತು ಕಾಗದವೂ ಬಣ್ಣವನ್ನು ಸ್ವಲ್ಪ ಬದಲಿಸುತ್ತವೆಯಾದ್ದರಿಂದ ಒಂದೇ ಬಗೆಯ ನುಣುಪು ಕಾಗದದ ಪತ್ರಿಕೆಗಳನ್ನು ಆರಿಸಿಕೊಳ್ಳುವುದು ನ್ಯಾಯ. 1975ರಲ್ಲಿ ಭಾರತದ ಮಾರುಕಟ್ಟೆಗೆ ಬಂದ, ಮೈಬಣ್ಣ ತಿಳಿಯಾಗಿಸುವ ಕ್ರೀಮೆಂದು ಮಾರಾಟವಾದ ಫೇರ್ ಅಂಡ್ ಲವ್ಲಿ 2020ರಲ್ಲಿ ಗ್ಲೋ ಅಂಡ್ ಲವ್ಲಿಯಾಯಿತು. ಹೆಸರಿನೊಂದಿಗೆ ಚಿತ್ರಗಳ ಬಣ್ಣವೂ ಬದಲಾಯಿತೇ ಎಂದು ಪರೀಕ್ಷಿಸಲು 2020ಕ್ಕಿಂತ ಹಿಂದಿನ ಮತ್ತು ಇಂದಿನ ಸಂಚಿಕೆಗಳ ಪಟ್ಟಿಗಳನ್ನು ಪಕ್ಕಪಕ್ಕದಲ್ಲಿ ಇಡಬಹುದು.

ಎರಡನೆಯ ಹಂತದಲ್ಲಿ ಇಡೀ ಪುಟವೊಂದನ್ನು ತೆಗೆದುಕೊಳ್ಳಿ. ಚಿನ್ನದ ಒಡವೆಯ ಜಾಹೀರಾತಿನಲ್ಲಿ ವಧು ಸಾಮಾನ್ಯವಾಗಿ ತಲೆ ಬಗ್ಗಿಸಿ, ಕಣ್ಣು ಕೆಳಗಿಳಿಸಿ ನಿಂತಿರುತ್ತಾಳೆ. ಅವಳನ್ನು ಹಾಗೆಯೇ ಬಿಟ್ಟು, ಹಿಂದಿನ ಅರಮನೆಯ ಕಂಬಗಳನ್ನು ಮಾತ್ರ ಬ್ಲೇಡಿನಿಂದ ಬಿಡಿಸಿ ತೆಗೆಯಿರಿ. ಆ ಜಾಗದಲ್ಲಿ ಬ್ಯಾಂಕಿನ ಚಿನ್ನದ ಸಾಲದ ಜಾಹೀರಾತನ್ನು ಕೂಡಿಸಿ. ಒಡವೆಯ ಭಾರ ಯಾರ ಹೆಗಲ ಮೇಲಿದೆ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಅಮೆರಿಕದ ಕಲಾವಿದೆ ಮಾರ್ಥಾ ರಾಸ್ಲರ್ 1967ರಿಂದ 1972ರವರೆಗೆ ಇದೇ ದಾರಿ ಹಿಡಿದು, ಗೃಹಾಲಂಕಾರ ಪತ್ರಿಕೆಗಳ ಅಚ್ಚುಕಟ್ಟಾದ ಕೋಣೆಗಳೊಳಗೆ ವಿಯೆಟ್ನಾಂ ಯುದ್ಧದ ಚಿತ್ರಗಳನ್ನು ತಂದರು. ಒಂದು ಪುಟದಲ್ಲಿ ಒಂದೇ ಬದಲಾವಣೆ ಸಾಕು. ಹತ್ತು ಕಡೆ ಕತ್ತರಿಸಿದರೆ ಪ್ರಶ್ನೆ ಗದ್ದಲದಲ್ಲಿ ಮುಳುಗುತ್ತದೆ. ರೂಪದರ್ಶಿಯೂ ದುಡಿದು ತಿನ್ನುವ ಹೆಣ್ಣು ಎಂಬುದನ್ನು ಮರೆಯದೆ, ಅವಳ ಮುಖವನ್ನು ವಿಕಾರಗೊಳಿಸುವುದನ್ನು ಖಂಡಿತ ಬಿಡಬೇಕು.

ಅಂಟಿಸುವ ಮೊದಲು ಜೋಡಣೆಯ ಫೋಟೋ ತೆಗೆದಿಟ್ಟುಕೊಳ್ಳಿ. ನುಣುಪು ಕಾಗದಕ್ಕೆ ಬಿಳಿ ಗೋಂದನ್ನು ದಪ್ಪವಾಗಿ ಹಚ್ಚಿದರೆ ಸುಕ್ಕುಗಟ್ಟುತ್ತದೆ, ತೆಳು ಕಾಗದವಾದರೆ ಹಿಂಬದಿಯ ಅಕ್ಷರಗಳೂ ಮೇಲೆ ಕಾಣತೊಡಗುತ್ತವೆ. ಆದ್ದರಿಂದ ಗ್ಲೂ ಸ್ಟಿಕ್ಕನ್ನು ಅಂಚಿನವರೆಗೂ ತೆಳುವಾಗಿ ಸವರಿ, ನಡುವಿನಿಂದ ಹೊರಕ್ಕೆ ಒತ್ತಿ, ಮೇಲೆ ಬಟರ್ ಪೇಪರ್ ಹಾಸಿ ದಪ್ಪ ಪುಸ್ತಕಗಳ ಕೆಳಗೆ ಒಂದು ರಾತ್ರಿ ಇಡಬೇಕು. ಬ್ಲೇಡಿಗೆ ಉಕ್ಕಿನ ಸ್ಕೇಲನ್ನೇ ಬಳಸಿ. ಪ್ಲಾಸ್ಟಿಕ್ ಸ್ಕೇಲಿನ ಅಂಚು ಕೊಯ್ದುಹೋಗುತ್ತದೆ.

ಮೂಲ ಪುಟವನ್ನು ಕತ್ತರಿಸುವ ಮುನ್ನವೇ ಅದರ ಬಣ್ಣದ ಜೆರಾಕ್ಸ್ ಮಾಡಿಸಿ, ಪತ್ರಿಕೆಯ ಹೆಸರು, ತಿಂಗಳು, ಪುಟಸಂಖ್ಯೆಗಳನ್ನು ಅದರ ಹಿಂದೆ ಬರೆದಿಡಿ. ಪ್ರದರ್ಶಿಸುವಾಗ ಆ ಪ್ರತಿಯನ್ನು ಕೊಲಾಜಿನ ಪಕ್ಕದಲ್ಲೇ ತೂಗುಹಾಕಿದರೆ, ಏನನ್ನು ಬದಲಿಸಿದ್ದೀರಿ, ಏನನ್ನು ಮುಟ್ಟದೆ ಬಿಟ್ಟಿದ್ದೀರಿ ಎಂಬುದನ್ನು ನೋಡುಗರು ತಾವೇ ಹೋಲಿಸಿಕೊಳ್ಳಬಹುದು.